ಟೆಸ್ಟಿಂಗ್ ದಿನಕ್ಕೆ ಬಂದವರು ಊಟ ಮುಗಿಸಿ ಎದ್ದು ಹೋಗದಿರಲು ಏನು ಮಾಡಬೇಕು?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ನಮ್ಮ ವಿದ್ಯಾರ್ಥಿಗಳನ್ನೂ ಊರಿನ ಕೆಲವು ಆಸಕ್ತರನ್ನೂ ಸೇರಿಸಿ, ವರ್ಡ್, ಎಕ್ಸೆಲ್ ಥರದ ಕೆಲಸಕ್ಕೆ ಬಳಸುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನ ಹೊಸ ಆವೃತ್ತಿಯನ್ನು ಬಿಡುಗಡೆಗೆ ಮುಂಚೆ ಪರೀಕ್ಷಿಸುವ ಒಂದು ದಿನದ ಕಾರ್ಯಕ್ರಮ ಮಾಡಿದೆವು. ಸುಮಾರು ನಲವತ್ತು ಜನ ಬಂದಿದ್ದರು. ಉದ್ಘಾಟನೆ, ಆಮೇಲೆ ಇನ್‌ಸ್ಟಾಲ್, ಇಷ್ಟರಲ್ಲೇ ಬೆಳಗಿನ ಹೊತ್ತು ಕಳೆಯಿತು. ಊಟದ ನಂತರ ಅರ್ಧದಷ್ಟು ಜನ ಕಾಣಲಿಲ್ಲ. ಉಳಿದವರಲ್ಲಿ ನಾಲ್ಕೈದು ಹುಡುಗರೇ ಎಲ್ಲ ಮಾಡಿದರು, ಹುಡುಗಿಯರು ಸುಮ್ನೆ ನೋಡುತ್ತಾ ಕೂತಿದ್ದರು. ದಾಖಲಿಸಿದ ಬಗ್‌ಗಳಲ್ಲಿ (ತಂತ್ರಾಂಶದ ದೋಷಗಳಲ್ಲಿ) ಹೆಚ್ಚಿನವು ‘ಇದು ಮೊದಲೇ ಇದೆ’ ಅಥವಾ ‘ಮಾಹಿತಿ ಸಾಲದು’ ಎಂದು ಮುಚ್ಚಿಹೋದವು. ಮತ್ತೊಮ್ಮೆ ಮಾಡುವ ಆಸೆ ಇದೆ. ಬಂದವರಿಗೂ ಖುಷಿಯಾಗಬೇಕು, ಸಾಫ್ಟ್‌ವೇರ್ ಬರೆಯುವವರಿಗೂ ಉಪಯೋಗವಾಗಬೇಕು. ಏನು ಬದಲಿಸಲಿ?

ಉತ್ತರ: ಮೇಡಂ, ನಲವತ್ತು ಜನ ರಜೆ ದಿನ ಬಿಟ್ಟು ಬಂದಿದ್ದಾರೆ ಅಂದರೆ ಜನರಲ್ಲಿ ಆಸಕ್ತಿ ಇದೆ. ಅದು ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ. ನೀವು ಬರೆದದ್ದನ್ನು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಬಂದವರಿಗೆ ಏನು ಗೊತ್ತಿಲ್ಲವೋ ಅದನ್ನೇ ಬೆಳಿಗ್ಗೆಯಿಂದ ಸಂಜೆವರೆಗೆ ಅವರಿಂದ ಕೇಳಲಾಗಿದೆ. ಇನ್‌ಸ್ಟಾಲ್ ಮಾಡುವುದು, ಬಗ್ ವರದಿ ದಾಖಲಿಸುವ ತಾಣವಾದ ಬಗ್‌ಜಿಲ್ಲಾದಲ್ಲಿ ಖಾತೆ ತೆರೆಯುವುದು, ಇಂಗ್ಲಿಷಿನಲ್ಲಿ ವರದಿ ಬರೆಯುವುದು. ಅವರಿಗೆ ಚೆನ್ನಾಗಿ ಗೊತ್ತಿರುವುದು ಕನ್ನಡ. ಅದರ ಬಗ್ಗೆ ಯಾರೂ ಕೇಳಲೇ ಇಲ್ಲ.

ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು. ಅದರ ಹಿಂದಿರುವ ಡಾಕ್ಯುಮೆಂಟ್ ಫೌಂಡೇಶನ್ ಇರುವುದು ಬರ್ಲಿನ್‌ನಲ್ಲಿ. ಕೋಡ್ ಬರೆಯುವವರಲ್ಲಿ ಬಹಳಷ್ಟು ಜನ ಯೂರೋಪಿನವರು. ಮೆನು ತೆರೆಯುತ್ತದೆಯೇ, ಫೈಲ್ ಉಳಿಯುತ್ತದೆಯೇ ಎಂದು ನೋಡಲು ಅವರಿಗೆ ನಿಮ್ಮ ವಿದ್ಯಾರ್ಥಿಗಳು ಬೇಕಿಲ್ಲ. ಆದರೆ ‘ಕಾರ್ಯಕ್ರಮ’ ಎಂಬ ಪದ ಪರದೆಯ ಮೇಲೆ ಕೆಟ್ಟು ಬಂದರೆ ಅವರ ಕಣ್ಣಿಗೆ ಅದು ಕಾಣುವುದಿಲ್ಲ. ನಿಮ್ಮ ಮೊದಲ ವರ್ಷದ ಬಿ.ಎ. ಹುಡುಗಿಗೆ ಒಂದು ಕ್ಷಣದಲ್ಲಿ ಕಾಣುತ್ತದೆ. ಅವಳಿಗೆ ಟೆಸ್ಟಿಂಗ್ ಬರುವುದಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಈ ಕೆಲಸದಲ್ಲಿ ಆ ಕೋಣೆಯ ತಜ್ಞೆ ಅವಳೇ. ಕಾರ್ಯಕ್ರಮವನ್ನು ಈ ಮಾತಿನ ಸುತ್ತ ಕಟ್ಟಿ.

ಮೊದಲು ಆ ಬೆಳಗಿನ ಹೊತ್ತನ್ನು ಉಳಿಸಿಕೊಳ್ಳೋಣ. ದೀಪ ಬೆಳಗಿಸುವುದು, ಹಾರ, ಅತಿಥಿಗಳ ಭಾಷಣ ಇವೆಲ್ಲ ಬೇಡ ಎಂದು ನಿಮ್ಮ ಪ್ರಾಂಶುಪಾಲರಿಗೆ ಹೇಳುವುದು ಕಷ್ಟ, ಅರ್ಥವಾಗುತ್ತದೆ. ಅದನ್ನು ಕೊನೆಗೆ ತಳ್ಳಿ. ಅಷ್ಟು ಹೊತ್ತಿಗೆ ತೋರಿಸಲು ಏನಾದರೂ ಇರುತ್ತದೆ, ಅವರಿಗೂ ಮಾತನಾಡಲು ವಿಷಯ ಸಿಗುತ್ತದೆ. ಇನ್‌ಸ್ಟಾಲ್ ಕೆಲಸ ಹಿಂದಿನ ದಿನವೇ ಮುಗಿಯಬೇಕು. ವಿಂಡೋಸ್‌ಗೆ ಬೇಕಾದ ಫೈಲ್ 300 ಎಂಬಿಗಿಂತ ಜಾಸ್ತಿ ಇರುತ್ತದೆ. ನಲವತ್ತು ಜನ ಒಟ್ಟಿಗೆ ಕಾಲೇಜಿನ ವೈಫೈಯಲ್ಲಿ ಇಳಿಸಿಕೊಳ್ಳಲು ಹೋದರೆ ಮಧ್ಯಾಹ್ನ ಆಗುವುದು ಸಹಜ. ಒಂದು ಸಲ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಹಾಕಿ, ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗಳಿಗೂ ಹಾಕಿಬಿಡಿ. ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ, ರೀಸ್ಟಾರ್ಟ್ ಮಾಡಿದರೆ ಹಾಕಿದ್ದೆಲ್ಲ ಅಳಿಸಿಹೋಗುವ ವ್ಯವಸ್ಥೆ ಲ್ಯಾಬ್‌ನಲ್ಲಿ ಇದೆಯಾ, ಇದನ್ನು ಮೊದಲೇ ಲ್ಯಾಬ್ ಸಹಾಯಕರನ್ನು ಕೇಳಿ. ಸ್ವಂತ ಲ್ಯಾಪ್‌ಟಾಪ್ ತರುವವರಿಗೆ ಒಂದು ಧೈರ್ಯ ಹೇಳಿ. ಬೀಟಾ ಆವೃತ್ತಿ, ಅಂದರೆ ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಕೊಡುವ ಆವೃತ್ತಿ, ‘ಲಿಬ್ರೆಆಫೀಸ್‌ಡೆವ್’ ಎಂಬ ಬೇರೆ ಹೆಸರಿನಲ್ಲಿ, ಹಳೆಯದರ ಪಕ್ಕದಲ್ಲೇ ಕೂರುತ್ತದೆ. ಈಗ ಬಳಸುತ್ತಿರುವುದು ಕೆಡುವುದಿಲ್ಲ. ಎಷ್ಟೋ ಜನ ಈ ಹೆದರಿಕೆಗೇ ಕೈ ಕಟ್ಟಿ ಕೂತಿರುತ್ತಾರೆ.

ಖಾತೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಬಗ್‌ಜಿಲ್ಲಾದಲ್ಲಿ ಕೊಟ್ಟ ಇಮೇಲ್ ವಿಳಾಸ, ಲಾಗಿನ್ ಆದ ಬೇರೆಯವರಿಗೆ ಕಾಣಬಹುದು. ಇದನ್ನು ಮೊದಲೇ ಹೇಳಿ, ಬೇಕಾದವರು ಬೇರೆ ಇಮೇಲ್ ಮಾಡಿಕೊಳ್ಳಲಿ. ವಿಶೇಷವಾಗಿ ಹುಡುಗಿಯರಿಗೆ ಈ ಆಯ್ಕೆ ಇರಬೇಕು. ಇನ್ನೊಂದು, ವರದಿಗೆ ಲಗತ್ತಿಸಿದ ಫೈಲ್ ಇಡೀ ಜಗತ್ತಿಗೆ ಕಾಣುತ್ತದೆ. ಕೈಗೆ ಸಿಕ್ಕಿತು ಅಂತ ಅಪ್ಪನ ಪಹಣಿ, ತಮ್ಮನ ಅಂಕಪಟ್ಟಿ, ಆಧಾರ್ ಇರುವ ಅರ್ಜಿ ಏರಿಸಿಬಿಡುತ್ತಾರೆ. ತೊಂದರೆ ಕೊಡುವ ಎರಡು ಸಾಲನ್ನು ಮಾತ್ರ ಹೊಸ ಫೈಲ್‌ಗೆ ಹಾಕಿ ಅದನ್ನು ಲಗತ್ತಿಸಬೇಕು. ಡೆವಲಪರ್‌ಗೂ ಅದೇ ಸುಲಭ, ನಲವತ್ತು ಪುಟದ ಕಡತ ಯಾರಿಗೂ ಬೇಡ.

ಇನ್ನು ನಿಜವಾದ ಕೆಲಸ. ಬಂದು ಕೂತ ಅರ್ಧ ಗಂಟೆಯೊಳಗೆ ಪ್ರತಿಯೊಬ್ಬರೂ ಒಂದು ಫಲಿತಾಂಶ ಬರೆದಿರಬೇಕು. ಸರಿಯಿದೆ ಅಥವಾ ಸರಿಯಿಲ್ಲ, ಎರಡರಲ್ಲಿ ಒಂದು. ಇದಕ್ಕೆ ಕನ್ನಡದಲ್ಲಿ ಒಂದು ಪುಟದ ಪರೀಕ್ಷೆಯ ಹಾಳೆ ಮಾಡಿ, ಪ್ರಿಂಟ್ ತೆಗೆದು ಟೇಬಲ್ ಮೇಲಿಡಿ. ‘ರೈಟರ್ (ಲಿಬ್ರೆಆಫೀಸ್‌ನಲ್ಲಿ ಬರವಣಿಗೆಯ ಭಾಗ) ಪರೀಕ್ಷಿಸಿ’ ಎಂದಷ್ಟೇ ಬರೆದರೆ ಯಾರಿಗೂ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಏನು ಟೈಪ್ ಮಾಡಬೇಕು, ಏನು ಒತ್ತಬೇಕು, ಏನು ಕಾಣಬೇಕು, ಮೂರೂ ಹಾಳೆಯಲ್ಲಿ ಇರಲಿ.

ಉದಾಹರಣೆಗೆ ‘ಸ್ತ್ರೀ’ ಎಂದು ಟೈಪ್ ಮಾಡಿಸಿ. ನಮಗೆ ಅದು ಒಂದೇ ಅಕ್ಷರ. ಕಂಪ್ಯೂಟರ್‌ಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಅದು ಆರು ಸಂಕೇತಗಳು: ಸ, ಅರ್ಧಾಕ್ಷರದ ಚಿಹ್ನೆ (್), ತ, ಮತ್ತೆ ಅದೇ ಚಿಹ್ನೆ, ರ, ಕೊನೆಗೆ ಈಕಾರ. ಈಗ ಎಡ ಬಾಣದ ಕೀ ಒತ್ತಿ. ಕರ್ಸರ್ ಪೂರ್ತಿ ಅಕ್ಷರವನ್ನು ದಾಟುತ್ತದೋ, ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತದೋ? ಬ್ಯಾಕ್‌ಸ್ಪೇಸ್ ಒತ್ತಿದರೆ ಏನು ಅಳಿಯುತ್ತದೆ? ಆಮೇಲೆ ‘ರ‍್ಯಾಂಕ್’ ಬರೆಯಲಿ. ಇಲ್ಲಿ ರ ಪೂರ್ತಿಯಾಗಿ ನಿಂತು ಯ ಒತ್ತಾಗಿ ಬರಬೇಕು. ಅದಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬೇಕು. ಅದು ಬಿದ್ದುಹೋದರೆ ‘ರ್ಯಾಂಕ್’ ಎಂದು ಅರ್ಕಾವತ್ತಾಗಿ ಬರುತ್ತದೆ. ಫೈಲನ್ನು ಉಳಿಸಿ, ಮುಚ್ಚಿ, ಮತ್ತೆ ತೆರೆದಾಗ ಹಾಗೇ ಇದೆಯಾ? ವರ್ಡ್‌ನ ಡಾಕ್ಸ್ ರೂಪದಲ್ಲಿ ಉಳಿಸಿದರೆ?

‘ಕೊ’ ಅಕ್ಷರದಲ್ಲೂ ಒಂದು ಗುಟ್ಟು ಇದೆ. ಅದರ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಮುಂದೆ ಊಕಾರ ಸೇರಿಸಿಯೂ ಬರೆಯಬಹುದು. ಯೂನಿಕೋಡ್ ಪ್ರಕಾರ ಎರಡೂ ಒಂದೇ. ಕಣ್ಣಿಗೂ ಒಂದೇ ಥರ ಕಾಣಬೇಕು. ಒಂದು ಬಗೆಯಲ್ಲಿ ಬರೆದ ‘ಕೊಡಗು’ ಇನ್ನೊಂದು ಬಗೆಯಲ್ಲಿ ಹುಡುಕಿದಾಗ ಸಿಗುತ್ತದಾ ಎಂದು ನೋಡಿಸಿ. ಹಳೆಯ ಕಡತಗಳಲ್ಲಿ, ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಿಂದ ಬಂದ ಪಠ್ಯದಲ್ಲಿ ಇಂಥವು ಬೆರೆತಿರಬಹುದು.

ಇನ್ನೊಂದು ಪಿಡಿಎಫ್. ‘ಕಾರ್ಯಕ್ರಮ’, ‘ವರ್ಷ’, ‘ಸೂರ್ಯ’ ಎಂಬ ಪದಗಳಿರುವ ಪುಟವನ್ನು ಪಿಡಿಎಫ್ ಮಾಡಿ, ಅದರಿಂದ ಪಠ್ಯ ಕಾಪಿ ಮಾಡಿ ಮತ್ತೆ ಅಂಟಿಸಲಿ. ಅರ್ಕಾವತ್ತಿನಲ್ಲಿ ರ ಮೊದಲು ಬರುತ್ತದೆ, ಆದರೆ ಪುಟದ ಮೇಲೆ ಅದರ ಗುರುತು ಮುಂದಿನ ಅಕ್ಷರದ ಬಲಕ್ಕೆ ಕೂರುತ್ತದೆ. ಕಾಪಿ ಮಾಡುವಾಗ ಈ ಕ್ರಮ ತಿರುಗುಮುರುಗಾಗುವ ಸಾಧ್ಯತೆ ಇರುತ್ತದೆ. ಲೆಕ್ಕದ ಹಾಳೆಯ ಭಾಗವಾದ ಕ್ಯಾಲ್ಕ್‌ನಲ್ಲಿ ನಿಮ್ಮ ತರಗತಿಯ ಕಾಲ್ಪನಿಕ ಹಾಜರಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲಿ. ಅಂಬಿಕಾ, ಅಕ್ಷತಾ, ಕ್ಷಮಾ ಯಾರು ಎಲ್ಲಿ ಬರಬೇಕು? ಇದಕ್ಕೆ ಕನ್ನಡ ಮೇಷ್ಟ್ರನ್ನೇ ಕರೆಯಿರಿ. ಅವರಿಗೆ ಇಷ್ಟು ಗೌರವದಿಂದ ಕಂಪ್ಯೂಟರ್ ಲ್ಯಾಬ್‌ಗೆ ಕರೆ ಬಂದಿರುವುದೇ ಅಪರೂಪ.

ಕಂಡ ತೊಂದರೆಯೆಲ್ಲ ಲಿಬ್ರೆಆಫೀಸ್‌ನದೇ ಆಗಿರಬೇಕಿಲ್ಲ. 2017ರ 5.3 ಆವೃತ್ತಿಯಿಂದ ಅದು ಎಲ್ಲ ಕಡೆ ಹಾರ್ಫ್‌ಬಝ್ ಎಂಬ ಎಂಜಿನ್ ಬಳಸಿ ಅಕ್ಷರ ಜೋಡಿಸುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಬಳಸುವುದೂ ಅದನ್ನೇ. ಹಾಗಾಗಿ ಒತ್ತಕ್ಷರ ಕೆಟ್ಟು ಕಂಡರೆ ಮೊದಲು ಫಾಂಟ್ ಬದಲಿಸಿ ನೋಡಿಸಿ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ವಿಂಡೋಸ್‌ನ ನಿರ್ಮಲಾ, ಹಳೆಯ ತುಂಗಾ. ಒಂದೇ ಫಾಂಟ್‌ನಲ್ಲಿ ಕೆಟ್ಟರೆ ತಪ್ಪು ಬಹುಶಃ ಫಾಂಟ್‌ನದು, ದೂರು ಹೋಗಬೇಕಾದ್ದು ಅದನ್ನು ಮಾಡಿದವರಿಗೆ. ಎಲ್ಲ ಫಾಂಟ್‌ನಲ್ಲೂ ಕೆಟ್ಟರೆ ಅದೇ ಸಾಲನ್ನು ಫೈರ್‌ಫಾಕ್ಸ್‌ನಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ಲಿಬ್ರೆಆಫೀಸ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಇಷ್ಟು ಮಾಡಲು ಪ್ರೋಗ್ರಾಮಿಂಗ್ ಬೇಕಿಲ್ಲ, ಆದರೆ ವರದಿಯ ಬೆಲೆ ಎಷ್ಟೋ ಪಟ್ಟು ಏರುತ್ತದೆ. ‘ಫಾಂಟ್ ಸೈಜ್ ಬದಲಿಸಿದೆ, ಕನ್ನಡಕ್ಕೆ ಆಗಲಿಲ್ಲ’ ಎನ್ನುವುದು ಇನ್ನೊಂದು ಸಾಮಾನ್ಯ ದೂರು. ಲಿಬ್ರೆಆಫೀಸ್ ಇಂಗ್ಲಿಷಿಗೂ ಕನ್ನಡಕ್ಕೂ ಬೇರೆ ಬೇರೆ ಫಾಂಟ್, ಬೇರೆ ಬೇರೆ ಗಾತ್ರ ಇಟ್ಟುಕೊಳ್ಳುತ್ತದೆ. ಅದು ಬಗ್ ಅಲ್ಲ. ಹಾಗಂತ ಹೇಳಿ ಬಾಯಿ ಮುಚ್ಚಿಸಬೇಡಿ. ಎಲ್ಲಿ ಗೊಂದಲವಾಯಿತು ಎಂದು ಬರೆದುಕೊಳ್ಳಿ, ಅದೂ ಉಪಯೋಗದ ಮಾಹಿತಿಯೇ.

ಈಗ ವರದಿ. ‘ಪಿಡಿಎಫ್‌ನಲ್ಲಿ ಕನ್ನಡ ಸರಿಯಾಗಿ ಬರ್ತಿಲ್ಲ’ ಎಂದು ಬರೆದರೆ ಅದು ಮುಚ್ಚಿಹೋಗುವುದು ಖಂಡಿತ. ಅದನ್ನೇ ಹೀಗೆ ಬರೆಸಿ: ‘ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಅರ್ಕಾವತ್ತಿನ ಪದಗಳು ಕೆಡುತ್ತವೆ. ಲಗತ್ತಿಸಿದ ಫೈಲ್ ತೆರೆಯಿರಿ. ಪಿಡಿಎಫ್ ಆಗಿ ರಫ್ತು ಮಾಡಿ. ಎರಡನೇ ಸಾಲನ್ನು ಕಾಪಿ ಮಾಡಿ ಅಂಟಿಸಿ. ಬರಬೇಕಾದ್ದು ಸೂರ್ಯ. ಬಂದದ್ದು ಈ ಚಿತ್ರದಲ್ಲಿದೆ. ನೋಟೊದಲ್ಲೂ ಲೋಹಿತ್‌ನಲ್ಲೂ ಹೀಗೇ ಆಗುತ್ತದೆ. ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತು.’ ಓದುವ ಡೆವಲಪರ್‌ಗೆ ಕನ್ನಡ ಬರುವುದಿಲ್ಲ. ಹಾಗಾಗಿ ಸರಿಯಾದದ್ದು ಮತ್ತು ಕೆಟ್ಟದ್ದು ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಇರುವ ಕಡೆ ಕೆಂಪು ಸುತ್ತು ಹಾಕಬೇಕು. ಆವೃತ್ತಿಯ ವಿವರ ಸಹಾಯ ಮೆನುವಿನ ‘ಲಿಬ್ರೆಆಫೀಸ್ ಬಗ್ಗೆ’ ಕಿಟಕಿಯಲ್ಲಿ ಸಿಗುತ್ತದೆ, ಕಾಪಿ ಮಾಡುವ ಗುಂಡಿಯೂ ಅಲ್ಲೇ ಇದೆ. ಅದೇ ಮೆನುವಿನಲ್ಲಿ ಸೇಫ್ ಮೋಡ್‌ನಲ್ಲಿ, ಅಂದರೆ ನಮ್ಮ ಸ್ವಂತ ಸೆಟ್ಟಿಂಗ್‌ಗಳಿಲ್ಲದೆ, ಮತ್ತೆ ತೆರೆಯುವ ಆಯ್ಕೆಯೂ ಇದೆ. ಅಲ್ಲೂ ತೊಂದರೆ ಬರುತ್ತದಾ ಎಂಬ ಒಂದು ಸಾಲು ಸೇರಿಸಿದರೆ ಹಿಂದೆ ಮುಂದೆ ಪ್ರಶ್ನೆ ಕೇಳುವುದು ಕಡಿಮೆಯಾಗುತ್ತದೆ.

ಇದನ್ನೆಲ್ಲ ಮೊದಲು ಕನ್ನಡದಲ್ಲೇ, ಕಾಗದದ ಮೇಲೆ ಬರೆಯಲು ಬಿಡಿ. ಇಂಗ್ಲಿಷ್ ಬಲ್ಲ ಒಬ್ಬರೋ ಇಬ್ಬರೋ ಒಂದು ಟೇಬಲ್ ಹಾಕಿ ಕೂತು, ಬರೆದವರ ಜೊತೆಗೇ ಅದನ್ನು ಇಂಗ್ಲಿಷಿಗೆ ತಂದು ದಾಖಲಿಸಲಿ. ವರದಿ ಹೋಗುವುದು ಕಂಡುಹಿಡಿದವರ ಖಾತೆಯಿಂದಲೇ. ಇಂಗ್ಲಿಷ್ ಭಯಕ್ಕೆ ಬಾಯಿ ಬಿಡದ ಎಷ್ಟು ಜನ ಇದರಿಂದ ಮುಂದೆ ಬರುತ್ತಾರೆ ಎಂಬುದನ್ನು ನೀವೇ ನೋಡುತ್ತೀರಿ.

ಹುಡುಗಿಯರು ನೋಡುತ್ತಾ ಕೂತಿದ್ದರು ಎಂದಿರಿ. ಅವರಿಗೆ ಆಸಕ್ತಿ ಇಲ್ಲದೆ ಅಲ್ಲ, ಕೀಬೋರ್ಡ್ ಅವರ ಕೈಗೆ ಬರಲಿಲ್ಲ. ಇಬ್ಬಿಬ್ಬರನ್ನು ಕೂರಿಸಿ. ಹೊಸಬರ ಕೈಯಲ್ಲಿ ಕೀಬೋರ್ಡ್, ಗೊತ್ತಿರುವವರ ಕೈಯಲ್ಲಿ ಪೆನ್ನು. ಅರ್ಧ ದಿನಕ್ಕೆ ಜೋಡಿ ಬದಲಾಗಲಿ. ಸಹಾಯಕರಿಗೆ ಒಂದೇ ಕಟ್ಟುನಿಟ್ಟು: ಬೇರೆಯವರ ಮೌಸ್ ಮುಟ್ಟಬಾರದು, ಬಾಯಲ್ಲಿ ಹೇಳಬೇಕು. ಈ ಒಂದು ನಿಯಮ ಕೋಣೆಯ ಗಾಳಿಯನ್ನೇ ಬದಲಿಸುತ್ತದೆ. ‘ಇಷ್ಟೂ ಗೊತ್ತಿಲ್ವಾ’ ಎಂಬ ಮಾತು ಯಾರ ಬಾಯಿಂದ ಬಂದರೂ ಅಲ್ಲೇ ತಡೆಯಿರಿ. ಕಿರಿಕಿರಿಯಾದರೆ ಯಾರಿಗೆ ಹೇಳಬೇಕು ಎಂದು ಶುರುವಿನಲ್ಲೇ ತಿಳಿಸಿ, ಅವರಲ್ಲಿ ಒಬ್ಬರು ಮಹಿಳೆ ಇರಲಿ. ಫೋಟೋ ಹಾಕುವ ಮುಂಚೆ ಕೇಳಿ. ಬಸ್ ಹಿಡಿಯಬೇಕಾದವರು ಇರುತ್ತಾರೆ, ನಾಲ್ಕೂವರೆಗೆಲ್ಲ ಮುಗಿಸಿ.

ಕಂಪ್ಯೂಟರ್ ಸೈನ್ಸ್‌ನವರನ್ನಷ್ಟೇ ಕರೆಯಬೇಡಿ. ಡಿಟಿಪಿ ಅಂಗಡಿಯವರು, ಗ್ರಾಮ ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್‌ಗಳು, ಶಾಲಾ ಶಿಕ್ಷಕರು ದಿನವಿಡೀ ಕನ್ನಡದಲ್ಲಿ ಕಡತ ಮಾಡುವವರು. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ, ಯೂನಿಕೋಡ್ ಅಲ್ಲದ ಫೈಲ್‌ಗಳ ಪಾಡು ಅವರಿಗೆ ಗೊತ್ತು. ದೃಷ್ಟಿ ಇಲ್ಲದವರೊಬ್ಬರನ್ನು ಕರೆಯಲು ಸಾಧ್ಯವಾದರೆ ದಯವಿಟ್ಟು ಕರೆಯಿರಿ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಅದಕ್ಕೆ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶದ ಕನ್ನಡ ಧ್ವನಿಯೂ ಇದೆ. ಹೊಸ ಆವೃತ್ತಿಯ ಒಂದು ಡಯಲಾಗ್ ಕಿಟಕಿಯಲ್ಲಿ ಗುಂಡಿಯ ಹೆಸರನ್ನು ಅದು ಓದದೇ ಹೋದರೆ ಅವರಿಗೆ ಅಲ್ಲಿಗೆ ಬಾಗಿಲು ಮುಚ್ಚಿತು. ಕಣ್ಣಿದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. ಇಂಥವರಿಗೆ ಪ್ರಯಾಣದ ಖರ್ಚು ಕೊಡಿ. ಬ್ಯಾನರ್‌ಗೆ ಹಾಕುವ ದುಡ್ಡು ಇಲ್ಲಿಗೆ ಹಾಕಿದರೆ ಸಾಕು.

‘ಇದು ಮೊದಲೇ ಇದೆ’ ಎಂದು ಮುಚ್ಚಿದ್ದಕ್ಕೆ ಬೇಜಾರು ಬೇಡ. ಆ ಮಾತಿನ ಅರ್ಥ, ನಿಮ್ಮವರು ಕಂಡದ್ದು ನಿಜವಾದ ತೊಂದರೆ. ಇದನ್ನೇ ಲಾಭ ಮಾಡಿಕೊಳ್ಳುವ ದಾರಿ ಇದೆ. ಲಿಬ್ರೆಆಫೀಸ್‌ನ ಬಗ್‌ಜಿಲ್ಲಾದಲ್ಲಿ ಹೊಸ ವರದಿ ಮೊದಲು ‘ಅನ್‌ಕನ್ಫರ್ಮ್ಡ್’ ಎಂದು ಕೂತಿರುತ್ತದೆ. ವರದಿ ಮಾಡಿದವರಲ್ಲದೆ ಇನ್ನೊಬ್ಬರು ಅದನ್ನು ತಮ್ಮ ಯಂತ್ರದಲ್ಲಿ ಮಾಡಿ ನೋಡಿ, ಹೌದು ಎಂದರೆ ‘ನ್ಯೂ’ ಆಗುತ್ತದೆ. ಹಾಗೆ ಕಾಯುತ್ತಿರುವ ಸುಲಭದ ಒಂದಷ್ಟು ವರದಿಗಳನ್ನು ವಾರದ ಮುಂಚೆಯೇ ಆರಿಸಿಡಿ. ಮಧ್ಯಾಹ್ನ ಜೋಡಿಗೊಂದು ಹಂಚಿ. ಹೊಸಬರಿಗೆ ಚೆನ್ನಾಗಿ ಬರೆದ ವರದಿ ಹೇಗಿರುತ್ತದೆ ಎಂದು ಭಾಷಣ ಇಲ್ಲದೆ ತಿಳಿಯುತ್ತದೆ. ತುಂಬ ಹುರುಪಿನ ಒಬ್ಬಿಬ್ಬರು ಇದ್ದರೆ ಬಗ್ ಯಾವ ಬದಲಾವಣೆಯಿಂದ ಬಂತೆಂದು ಹುಡುಕುವ ಬೈಬಿಸೆಕ್ಟ್ ವಿಧಾನ ಕಲಿಸಿ. ಲಿಬ್ರೆಆಫೀಸ್‌ನವರು ಸಾವಿರಾರು ನಡುವಿನ ಆವೃತ್ತಿಗಳನ್ನು ಸಿದ್ಧ ಮಾಡಿ, ಕೋಡಿನ ಬದಲಾವಣೆಗಳನ್ನು ಕಾದಿಡುವ ಗಿಟ್‌ನಲ್ಲಿ ಇಟ್ಟಿದ್ದಾರೆ. ನಡುವಿನದನ್ನು ತೆಗೆದು ನೋಡುತ್ತಾ, ಅರ್ಧ ಅರ್ಧ ಬಿಡುತ್ತಾ ಹೋದರೆ ಸಾವಿರದಲ್ಲಿ ಯಾವುದರಿಂದ ಕೆಟ್ಟಿತು ಎಂದು ಹತ್ತೇ ಸಲಕ್ಕೆ ಸಿಗುತ್ತದೆ. ಗಾತ್ರ ದೊಡ್ಡದು, ಮೊದಲೇ ಇಳಿಸಿಡಿ.

ಬಗ್ ಸಿಗದವರು ನಿರಾಶೆಯಿಂದ ಹೋಗುತ್ತಾರೆ, ಅದಕ್ಕೂ ಮದ್ದು ಇದೆ. ಫೆಡೋರಾ ಎಂಬ ಲಿನಕ್ಸ್ ಯೋಜನೆಯ ಟೆಸ್ಟ್ ಡೇಗಳಲ್ಲಿ ಒಂದು ಪಟ್ಟಿ ಇರುತ್ತದೆ, ಪರೀಕ್ಷೆ ಸರಿಯಾಗಿ ನಡೆದರೂ ಅಲ್ಲಿ ‘ಪಾಸ್’ ಎಂದು ಬರೆಯುತ್ತಾರೆ. ಭಾಷೆಗಳ ಬೆಂಬಲ ಪರೀಕ್ಷಿಸಲೆಂದೇ ಅಲ್ಲಿ ಬೇರೆ ದಿನಗಳಿವೆ. ಇಂಥ ಯಂತ್ರದಲ್ಲಿ, ಇಂಥ ಕೀಲಿಮಣೆಯಲ್ಲಿ ಕನ್ನಡ ಸರಿಯಿತ್ತು ಎನ್ನುವುದೂ ಬಿಡುಗಡೆ ಮಾಡುವವರಿಗೆ ಬೇಕಾದ ಸುದ್ದಿ. ನಿಮ್ಮ ಗೋಡೆಯ ಮೇಲೂ ಅಂಥದೊಂದು ದೊಡ್ಡ ಹಾಳೆ ಅಂಟಿಸಿ, ಎಲ್ಲರೂ ಗುರುತು ಹಾಕಲಿ.

ಒಂದು ಮಾತ್ರ ಖಂಡಿತ ಬೇಡ: ಹೆಚ್ಚು ಬಗ್ ಹಾಕಿದವರಿಗೆ ಬಹುಮಾನ. ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯುವ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, 2020ರಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್‌ಗೆ (ಕೋಡ್ ಬದಲಾವಣೆಯ ಪ್ರಸ್ತಾವಕ್ಕೆ) ಒಂದು ಟೀ ಶರ್ಟ್ ಎಂದಾಗ ಓಪನ್ ಸೋರ್ಸ್ ಯೋಜನೆಗಳಿಗೆ ಕಸದ ರಾಶಿ ಬಂದು ಬಿತ್ತು. ಕೆಲವೇ ದಿನದಲ್ಲಿ ಅವರು ನಿಯಮ ಬದಲಿಸಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಸೀಮಿತ ಮಾಡಬೇಕಾಯಿತು. ಪ್ರಮಾಣಪತ್ರ ಕೊಡುವುದಾದರೆ ಬಂದ ಎಲ್ಲರಿಗೂ ಕೊಡಿ.

ದಿನಾಂಕದ ವಿಷಯ. ಲಿಬ್ರೆಆಫೀಸ್‌ನ ದೊಡ್ಡ ಆವೃತ್ತಿ ಫೆಬ್ರುವರಿಯಲ್ಲಿ ಒಂದು, ಆಗಸ್ಟ್‌ನಲ್ಲಿ ಒಂದು ಬರುತ್ತದೆ. 2024ರಿಂದ ಸಂಖ್ಯೆಯೂ ಹಾಗೇ, 24.2 ಅಂದರೆ 2024ರ ಫೆಬ್ರುವರಿ. ಬಿಡುಗಡೆಗೆ ಒಂದೂವರೆ ಎರಡು ತಿಂಗಳು ಇರುವಾಗ, ಬೀಟಾ ಬಂದ ಕೂಡಲೇ ಮಾಡಿ. ಕೊನೆಯ ವಾರದಲ್ಲಿ ಸಿಕ್ಕ ಬಗ್ ಎಷ್ಟೇ ದೊಡ್ಡದಿದ್ದರೂ ಆ ಸಲಕ್ಕೆ ಸೇರುವುದು ಕಷ್ಟ. ಹೊತ್ತನ್ನೂ ಯೋಚಿಸಿ. ನಮ್ಮ ಬೆಳಗಿನ ಹತ್ತು ಗಂಟೆಗೆ ಜರ್ಮನಿಯಲ್ಲಿ ಬೇಸಿಗೆಯಾದರೆ ಆರೂವರೆ, ಚಳಿಗಾಲವಾದರೆ ಐದೂವರೆ. ನಿಮ್ಮ ಪ್ರಶ್ನೆಗೆ ಉತ್ತರಿಸುವವರು ಮಲಗಿರುತ್ತಾರೆ. ಅಲ್ಲಿನ ಕ್ಯೂಎ (ಗುಣಮಟ್ಟ ಪರೀಕ್ಷಿಸುವ) ತಂಡಕ್ಕೆ ವಾರದ ಮುಂಚೆ ಬರೆದು, ಮಧ್ಯಾಹ್ನ ಎರಡರ ನಂತರ ಚಾಟ್‌ನಲ್ಲಿ ಸಿಗುತ್ತೀರಾ ಎಂದು ಕೇಳಿ. ವರದಿ ಹಾಕಿದ ಹತ್ತು ನಿಮಿಷಕ್ಕೆ ಕೋಡ್ ಬಲ್ಲವರೊಬ್ಬರು ‘ನನ್ನಲ್ಲೂ ಹೀಗೇ ಆಗುತ್ತಿದೆ, ಧನ್ಯವಾದ’ ಎಂದು ಬರೆದರೆ ಊಟದ ನಂತರ ಯಾರು ಎದ್ದು ಹೋಗುತ್ತಾರೆ ಹೇಳಿ.

ನಲವತ್ತು ಜನ ಮತ್ತೆ ಬೇಕೆಂದಿಲ್ಲ. ಹದಿನೈದು ಇಪ್ಪತ್ತು ಜನ, ಮೂವರು ಸಹಾಯಕರು, ಇದು ನಿಭಾಯಿಸುವ ಗಾತ್ರ. ಕಾರ್ಯಕ್ರಮ ಮುಗಿದ ಎರಡು ವಾರಕ್ಕೆ ಒಂದು ಗಂಟೆ ಲ್ಯಾಬ್‌ನಲ್ಲಿ ಮತ್ತೆ ಸೇರುವುದನ್ನು ಆಹ್ವಾನದಲ್ಲೇ ಬರೆದುಬಿಡಿ. ‘ನೀಡ್‌ಇನ್ಫೋ’ ಎಂದು ಡೆವಲಪರ್ ಕೇಳಿದ ಪ್ರಶ್ನೆಗಳಿಗೆ ಅವತ್ತು ಎಲ್ಲರೂ ಕೂತು ಉತ್ತರಿಸಲಿ. ತಿಂಗಳುಗಟ್ಟಲೆ ಉತ್ತರ ಬರದ ವರದಿಗಳೇ ‘ಮಾಹಿತಿ ಸಾಲದು’ ಎಂದು ಮುಚ್ಚುವುದು. ನಿಮ್ಮವರ ಇಮೇಲ್‌ಗೆ ಪ್ರಶ್ನೆ ಬಂದಿತ್ತು, ಯಾರೂ ತೆರೆದು ನೋಡಿರಲಿಕ್ಕಿಲ್ಲ.

ಆ ಹಳೆಯ ವರದಿಗಳು ಈಗಲೂ ಅಲ್ಲೇ ಇವೆ. ಈ ವಾರವೇ ಅವನ್ನು ತೆರೆಯಿರಿ. ಪ್ರಶ್ನೆ ಏನಿತ್ತು ಎಂದು ನೋಡಿ, ದಾಖಲಿಸಿದ ವಿದ್ಯಾರ್ಥಿಯನ್ನು ಕರೆದು, ಈಗಿನ ಆವೃತ್ತಿಯಲ್ಲಿ ಮತ್ತೆ ಮಾಡಿಸಿ. ತೊಂದರೆ ಇನ್ನೂ ಇದ್ದರೆ ಕೇಳಿದ ವಿವರ ಹಾಕಿ, ಸ್ಥಿತಿಯನ್ನು ಮತ್ತೆ ‘ಅನ್‌ಕನ್ಫರ್ಮ್ಡ್’ಗೆ ತಿರುಗಿಸಬಹುದು. ‘ಮೊದಲೇ ಇದೆ’ ಎಂದಾದವುಗಳಲ್ಲಿ ಮೂಲ ವರದಿಗೆ ಅವರ ಹೆಸರನ್ನು ಸೇರಿಸಿ, ಸರಿಪಡಿಸಿದ ದಿನ ಅವರಿಗೆ ಮೇಲ್ ಬರುತ್ತದೆ. ಇದಕ್ಕೆ ಇಬ್ಬರು ಮೂವರು ವಿದ್ಯಾರ್ಥಿಗಳು ಕೂತರೂ, ಮುಂದಿನ ಕಾರ್ಯಕ್ರಮಕ್ಕೆ ನಿಮ್ಮ ಸಹಾಯಕರು ಅವರೇ. ಪರೀಕ್ಷೆಯ ಹಾಳೆಯನ್ನೂ ಅವರ ಕೈಯಲ್ಲೇ ಬರೆಸಿ.